ಅತ್ತೆಯ ಕಲ್ಲಿನ ಮೇಲಿನ ಪಾಚಿ

ಈಸ್ಟರ್ ಹಬ್ಬಕ್ಕೆ ಒಂದು ವಾರ ಇದೆ ಎನ್ನುವಾಗ ಹೆರ್ನ್‌ಬರ್ಗಿನ ಜನ ಬಕೆಟ್ಟು, ಬ್ರಷ್ಷು, ಮೊಣಕಾಲಿನ ಕೆಳಗೆ ಹಾಕಿಕೊಳ್ಳಲು ಒಂದು ಹಳೆಯ ದಿಂಬು ಹಿಡಿದುಕೊಂಡು ಗುಡ್ಡ ಹತ್ತುತ್ತಾರೆ. ಗುಡ್ಡದ ಮೇಲಿರುವುದು ದೇವರ ಹೊಲ. ನಮ್ಮ ಮೊರೇವಿಯನ್ ಕ್ರೈಸ್ತ ಸಭೆಯವರು ಸಮಾಧಿಯ ನೆಲಕ್ಕೆ ಹೇಳುವುದೇ ಹಾಗೆ. ನೆಟ್ಟಗೆ ನಿಂತ ಕಲ್ಲು ಅಲ್ಲಿ ಒಂದೂ ಇಲ್ಲ. ಮೇಯರ್ ಆಗಲಿ, ಮೇಯರ್ ಮನೆ ಗುಡಿಸಿದವಳಾಗಲಿ, ದೊಡ್ಡವರೆಲ್ಲರಿಗೂ ಒಂದೇ ಅಳತೆಯ ಚಪ್ಪಟೆ ಕಲ್ಲು, ಮಕ್ಕಳಿಗೆ ಚಿಕ್ಕದು, ಹುಲ್ಲಿನ ಮಟ್ಟಕ್ಕೆ ಮಲಗಿಸಿದ್ದು. ಹಬ್ಬದ ದಿನ ಬೆಳಕು ಹರಿಯುವ ಹೊತ್ತಿಗೆ ತುತ್ತೂರಿ ಊದಿಕೊಂಡು ಊರಿಗೆ ಊರೇ ಅಲ್ಲಿ ಹೋಗಿ ನಿಲ್ಲುತ್ತದೆ. ಅಷ್ಟರೊಳಗೆ ಕಲ್ಲುಗಳೆಲ್ಲ ಉಜ್ಜಿ ತೊಳೆದು ಲಕಲಕ ಅನ್ನುತ್ತಿರಬೇಕು.

ಎಂಬತ್ತು ದಾಟಿದ ಹೆಟ್ಟಿ ಫ್ರಾಂಟ್ಸ್ ಈಗಲೂ ಹೋಗುತ್ತಾಳೆ. ತನ್ನವರ ಕಲ್ಲು ಮಾತ್ರವಲ್ಲ, ಹಿಂದೆ ಮುಂದೆ ಯಾರೂ ಇಲ್ಲದವರ ಕಲ್ಲುಗಳನ್ನೂ ಉಜ್ಜುತ್ತಾಳೆ. ಉಜ್ಜುವಾಗ ಕಲ್ಲಿನ ಒಡೆಯರಿಗೆ ನಾಲ್ಕು ಮಾತು ಬೈಯುವುದೂ ಉಂಟು. ಆದರೆ ತನ್ನ ಸ್ವಂತ ಅತ್ತೆ ಲಿಯೊನೋರಾಳ ಕಲ್ಲಿನ ಹತ್ತಿರ ಬಂದಾಗ ಮುಕ್ಕಾಲು ಭಾಗ ತಿಕ್ಕಿ, ಎಡಗಡೆಯ ಮೂಲೆಯಲ್ಲಿ ಅಂಗೈಯಗಲದ ಪಾಚಿಯನ್ನು ಹಾಗೇ ಬಿಟ್ಟುಬಿಡುತ್ತಾಳೆ. ಬಿಡುವುದಷ್ಟೇ ಆಗಿದ್ದರೆ ಸರಿ. ಬೇಸಿಗೆಯಲ್ಲಿ ಒಂದು ಲೋಟ ಮಜ್ಜಿಗೆ ತಂದು ಆ ಮೂಲೆಗೆ ಹೊಯ್ಯುವುದನ್ನು ಕಂಡವರಿದ್ದಾರೆ!

ಊರಿನ ಬಾಯಿ ಸುಮ್ಮನಿರುತ್ತದೆಯೇ? “ಬದುಕಿದ್ದಾಗ ಅತ್ತೆ ಕಾಟ ಕೊಟ್ಟಿರಬೇಕು, ಈಗ ಸೇಡು ತೀರಿಸ್ಕೊಳ್ತಿದಾಳೆ” ಎಂದರು ಕೆಲವರು. “ಪಾಪ, ವಯಸ್ಸಾಯ್ತು, ತಲೆ ನೆಟ್ಟಗಿಲ್ಲ” ಎಂದರು ಇನ್ನು ಕೆಲವರು. ಹೆಟ್ಟಿಯ ತಲೆ ನೆಟ್ಟಗಿಲ್ಲವಂತೆ! ಹಾಗೆ ಹೇಳಿದವರು ಒಂದು ಸಲ ಅವಳ ಎದುರು ಇಸ್ಪೀಟು ಆಡಿ ನೋಡಲಿ. ಆ ಪಾಚಿಯ ಸಂಗತಿ ಏನೆಂದು ಹೇಳಬೇಕಾದರೆ ಅವಳು ಈ ಊರಿಗೆ ಸೊಸೆಯಾಗಿ ಬಂದ ಕಾಲಕ್ಕೆ ಹೋಗಬೇಕು.

ಹೆಟ್ಟಿ ಹುಟ್ಟಿದ್ದು ಇಲ್ಲಿಂದ ಉತ್ತರಕ್ಕೆ, ಪೆನ್ಸಿಲ್ವೇನಿಯಾದ ಕಲ್ಲಿದ್ದಲು ಗಣಿಗಳ ಸೀಮೆಯಲ್ಲಿ. ತಾಯಿಯ ಮುಖ ನೆನಪಿಲ್ಲ. ತಂದೆ ಗಣಿಯೊಳಗೆ ಇಳಿದರೆ ಹತ್ತುವುದು ಕತ್ತಲಾದ ಮೇಲೆ. ಸಾಕಿದ್ದು ಒಬ್ಬ ಚಿಕ್ಕಮ್ಮ. ಆಕೆ ಗಣಿ ಕೆಲಸದವರಿಗೆ ಊಟ ಹಾಕುವ ವಸತಿಮನೆ ನಡೆಸುತ್ತಿದ್ದಳು. ಕ್ರಿಸ್‌ಮಸ್ ಅಂದರೆ ಅಲ್ಲಿ ಪ್ರತಿ ತಟ್ಟೆಗೊಂದು ಕಿತ್ತಳೆ ಹಣ್ಣು. ತಟ್ಟೆ ತೊಳೆಯುವವಳು ಹೆಟ್ಟಿ. ನಕ್ಷತ್ರ, ಮೇಣದ ದೀಪ, ಗೋದಲಿ, ಯಾವುದೂ ಅವಳು ಕಂಡದ್ದಲ್ಲ. ಸಿಮೆಂಟ್ ಲಾರಿ ಓಡಿಸಿಕೊಂಡು ಬಂದ ವಾಲ್ಟ್ ಫ್ರಾಂಟ್ಸ್ ಮೂರು ಸಲ ಊಟಕ್ಕೆ ಕೂತವನು ನಾಲ್ಕನೆಯ ಸಲ ಮದುವೆಯ ಮಾತೆತ್ತಿದ. ಆ ಅಕ್ಟೋಬರಿನಲ್ಲಿ ಅವಳನ್ನು ಕಟ್ಟಿಕೊಂಡು ಹೆರ್ನ್‌ಬರ್ಗಿಗೆ ಬಂದ. ಮನೆಯಲ್ಲಿದ್ದದ್ದು ಅವನ ತಾಯಿ ಒಬ್ಬಳೇ.

ಲಿಯೊನೋರಾ ಎತ್ತರದ ಹೆಂಗಸು. ನಗುವುದು ಅಪರೂಪ, ಮಾತು ಇನ್ನೂ ಅಪರೂಪ. ಬಾಗಿಲಲ್ಲಿ ನಿಂತ ಸೊಸೆಯನ್ನು ಅಡಿಯಿಂದ ಮುಡಿಯವರೆಗೆ ನೋಡಿ ಆಕೆ ಕೇಳಿದ ಮೊದಲ ಪ್ರಶ್ನೆ, “ಒಲೆ ಹಚ್ಚೋಕೆ ಬರುತ್ತಾ ಹುಡುಗಿ?”

“ಗಣಿಯವನ ಮಗಳಿಗೆ ಇದ್ದಲು ಹಚ್ಚೋಕೆ ಬರುತ್ತಾ ಅಂತೀರಲ್ಲ, ಸಿಸ್ಟರ್ ಫ್ರಾಂಟ್ಸ್!” ಎಂದು ಹೆಟ್ಟಿ ನಕ್ಕಳು.

ಲಿಯೊನೋರಾ ನಗಲಿಲ್ಲ. ನಮ್ಮ ಸಭೆಯಲ್ಲಿ ಎಲ್ಲರೂ ಎಲ್ಲರಿಗೂ ಬ್ರದರ್, ಸಿಸ್ಟರ್. ಅದು ಸರಿಯೇ. ಆದರೆ ಒಂದೇ ಸೂರಿನಡಿ ಇದ್ದುಕೊಂಡು ಅತ್ತೆಗೆ ಸಿಸ್ಟರ್ ಎಂದರೆ ಹೇಗಿರುತ್ತದೆ ಹೇಳಿ. ‘ಅಮ್ಮ’ ಎನ್ನಲು ಹೆಟ್ಟಿಯ ನಾಲಿಗೆ ತುದಿಗಾಲಲ್ಲಿ ನಿಂತಿತ್ತು. ಜೀವಮಾನದಲ್ಲಿ ಯಾರನ್ನೂ ಹಾಗೆ ಕರೆದವಳಲ್ಲ ಅವಳು. ಕರೆ ಎಂದು ಲಿಯೊನೋರಾ ಹೇಳಲಿಲ್ಲ, ತಾನಾಗಿ ಕರೆಯಲು ಇವಳಿಗೆ ಧೈರ್ಯ ಬರಲಿಲ್ಲ.

ಊರಿನಲ್ಲಿ ಲಿಯೊನೋರಾ ಎಂದರೆ ಪುಟ್ಸ್ ಹೂಡುವವಳು ಎಂದೇ ಹೆಸರು. ನಮ್ಮ ಮನೆಗಳಲ್ಲಿ ಕ್ರಿಸ್‌ಮಸ್‌ಗೆ ಗೋದಲಿಯೊಂದನ್ನೇ ಇಟ್ಟು ಕೈ ತೊಳೆದುಕೊಳ್ಳುವುದಿಲ್ಲ. ಮುಂಬಾಗಿಲ ಕೋಣೆಯ ಅರ್ಧಕ್ಕೆ ಹಲಗೆ ಹಾಸಿ, ಮರದ ಬುಡ, ಕಲ್ಲು, ಪಾಚಿ, ಮರಳು ತಂದು ಬೆಟ್ಟ ಬಯಲನ್ನೇ ಎಬ್ಬಿಸುತ್ತಾರೆ. ಒಂದು ಕಡೆ ದೇವದೂತ ಮರಿಯಳ ಮುಂದೆ ನಿಂತಿರುತ್ತಾನೆ, ಇನ್ನೊಂದು ಕಡೆ ಕುರುಬರು, ನಡುವೆ ಕೊಟ್ಟಿಗೆ, ಆಚೆ ಮೂಡಣದಿಂದ ಒಂಟೆಯ ಮೇಲೆ ಬರುತ್ತಿರುವ ಜ್ಞಾನಿಗಳು. ಅದೆಲ್ಲ ಸೇರಿ ಪುಟ್ಸ್. ಊರಿನ ಮಕ್ಕಳು ಬಂದು ಕತ್ತಲಲ್ಲಿ ನೆಲದ ಮೇಲೆ ಕೂರುತ್ತಾರೆ. ಒಂದೊಂದೇ ದೀಪ ಹೊತ್ತುತ್ತದೆ, ಬೆಳಕು ಬಿದ್ದ ಕಡೆಯ ಕಥೆ ಹೇಳುತ್ತಾರೆ. ನಮ್ಮ ಮಕ್ಕಳು ವೇದಪುಸ್ತಕ ಓದಲು ಕಲಿಯುವ ಮುಂಚೆ ಕರ್ತನನ್ನು ಕಾಣುವುದು ಹೀಗೆಯೇ. ದಿನವಿಡೀ ನಾಲ್ಕು ಮಾತಾಡದ ಲಿಯೊನೋರಾ ಆ ಕತ್ತಲಲ್ಲಿ ಬಾಯಿ ತೆರೆದರೆ ತುಂಟ ಮಕ್ಕಳೂ ಉಸಿರು ಬಿಗಿಹಿಡಿದು ಕೇಳುತ್ತಿದ್ದವು.

ಹೆಟ್ಟಿಯೂ ಆ ಮಕ್ಕಳಂತೆಯೇ ಕಲಿತದ್ದು. ಕ್ರಿಸ್‌ಮಸ್ ಹಿಂದಿನ ಸಂಜೆ ಚರ್ಚಿನಲ್ಲಿ ಹಂಚುವ ಜೇನುಮೇಣದ ದೀಪಗಳಿಗೆ ಕೆಂಪು ಕಾಗದದ ಕುಚ್ಚು ಸುತ್ತುವ ಕೆಲಸ ಅವಳ ಪಾಲಿಗೆ ಬಿತ್ತು. ಸುತ್ತುತ್ತ ಸುತ್ತುತ್ತ ಕೇಳಿದಳು, “ಇದು ಬಿಸಿ ಮೇಣ ಕೈಮೇಲೆ ಸುರೀದಿರಲಿ ಅಂತ ಅಲ್ವಾ?”

“ಅದಕ್ಕೂ ಹೌದು,” ಎಂದಳು ಲಿಯೊನೋರಾ. “ಶುದ್ಧ ಮೇಣ ಅಂದ್ರೆ ಕರ್ತನ ಕಳಂಕ ಇಲ್ಲದ ಜೀವ. ಉರಿಯೋದು ಅವನ ಪ್ರೀತಿ. ಕೆಂಪು, ನಮಗೋಸ್ಕರ ಅವನು ಸುರಿಸಿದ ರಕ್ತ. ಮಕ್ಕಳಿಗೆ ಮೊದಲು ಕೈ ಸುಡದ ಹಾಗೆ ಹಿಡಿಯೋದು ಹೇಳ್ಕೊಡು. ಅರ್ಥ ಆಮೇಲೆ. ಕೈ ಸುಟ್ಟುಕೊಂಡ ಮಗು ಅರ್ಥ ಕೇಳಲ್ಲ.”

ಅಷ್ಟು ಉದ್ದದ ಮಾತು ಆಕೆ ಸೊಸೆಯ ಜೊತೆ ಆಡಿದ್ದು ಅದೇ ಮೊದಲು. ಹೆಟ್ಟಿ ಆ ದಿನವಿಡೀ ಅದನ್ನೇ ಮೆಲುಕು ಹಾಕಿದಳು.

ಪುಟ್ಸ್‌ಗೆ ಎಲ್ಲಕ್ಕಿಂತ ಮುಖ್ಯ ಪಾಚಿ. ನೆಲ ಹೆಪ್ಪುಗಟ್ಟುವ ಮುಂಚೆ ಕಾಡಿಗೆ ಹೋಗಿ ತರಬೇಕು, ನೆಲಮಾಳಿಗೆಯಲ್ಲಿ ನೀರು ಚಿಮುಕಿಸಿ ಇಟ್ಟುಕೊಳ್ಳಬೇಕು. ಅದು ಎಲ್ಲಿ ಸಿಗುತ್ತದೆ ಎಂದು ಮನೆಯವರಿಗಲ್ಲದೆ ಹೊರಗಿನವರಿಗೆ ಯಾರೂ ಹೇಳುವುದಿಲ್ಲ. ಆ ವರ್ಷ ಲಿಯೊನೋರಾ ಹಿತ್ತಿಲ ಮೆಟ್ಟಿಲಲ್ಲಿ ಜಾರಿ ಕಾಲು ಉಳುಕಿಸಿಕೊಂಡಳು. ದಿನ ನೋಡಿದರೆ ಕೈಮೀರುತ್ತಿತ್ತು. ಕೊನೆಗೆ ಒಂದು ಬೆಳಗ್ಗೆ ಬುಟ್ಟಿಯನ್ನೂ ಚಪ್ಪಟೆ ಕರಣಿಯನ್ನೂ ಸೊಸೆಯ ಮುಂದೆ ಇಟ್ಟಳು. “ಹಳ್ಳ ದಾಟಿ ಎಡಕ್ಕೆ ತಿರುಗು. ಬಿಸಿಲು ಬೀಳದ ಇಳಿಜಾರಲ್ಲಿ ದೊಡ್ಡ ಬಂಡೆ ಇದೆ. ಹರೀದೆ ತಾ.”

ವಾಲ್ಟ್ ಸಿಮೆಂಟ್ ಧೂಳು ಕೊಡವುತ್ತಿದ್ದವನು ಹಾಗೇ ನಿಂತುಬಿಟ್ಟ. ಅಂಗಳಕ್ಕೆ ಬಂದು ಹೆಂಡತಿಯ ಕಿವಿಯಲ್ಲಿ ಹೇಳಿದ, “ನನ್ನನ್ನೇ ಯಾವತ್ತೂ ಒಬ್ಬನೇ ಕಳಿಸಿಲ್ಲ ಕಣೇ. ಇವತ್ತು ನೆಟ್ಟಗೆ ತಂದುಬಿಡು, ನೀನು ಈ ಮನೆಯವಳಾದೆ ಅಂತ ತಿಳ್ಕೋ.”

ಇನ್ನೇನು ಬೇಕು! ಹೆಟ್ಟಿ ಹಾರಿಕೊಂಡು ಹೋದಳು. ಬಂಡೆಯೂ ಸಿಕ್ಕಿತು. ಆದರೆ ಹಿಂದಿನ ರಾತ್ರಿಯ ಚಳಿಗೆ ಪಾಚಿ ಹೆಪ್ಪುಗಟ್ಟಿ, ಕರಣಿ ತಾಗಿಸಿದರೆ ಹಪ್ಪಳದಂತೆ ಪುಡಿಪುಡಿಯಾಗುತ್ತಿತ್ತು. ಮಧ್ಯಾಹ್ನವಿಡೀ ಒದ್ದಾಡಿದರೂ ಬುಟ್ಟಿಯ ತಳ ಮುಚ್ಚಲಿಲ್ಲ. ಖಾಲಿ ಬುಟ್ಟಿ ಹಿಡಿದು ಆ ಅತ್ತೆಯ ಮುಂದೆ ನಿಲ್ಲುವುದೇ? ಕಣ್ಣಲ್ಲಿ ನೀರು ತುಂಬಿಕೊಂಡು ಹತ್ತಿರದ ದಾರಿ ಇರಬಹುದೆಂದು ಗುಡ್ಡ ಹತ್ತಿದಳು. ಗುಡ್ಡದ ಕಡೆಯ ಅಂಚಿನಲ್ಲಿ ಒಂದು ಮುದಿ ಪೈನ್ ಮರ. ಅದರ ಬುಡದಲ್ಲಿ, ಗಾಳಿಯ ಮರೆಯಲ್ಲಿ, ಹುಲ್ಲಿನ ನಡುವೆ ಹೂತ ಚಿಕ್ಕ ಚಿಕ್ಕ ಚಪ್ಪಟೆ ಕಲ್ಲುಗಳು. ಕೆಲವಕ್ಕೆ ಅಲ್ಲಲ್ಲಿ ಪಾಚಿ. ಮರದ ಬುಡಕ್ಕೆ ತಾಗಿದ ಕಲ್ಲಿನ ಮೇಲಂತೂ ದಪ್ಪ, ಮೆತ್ತಗಿನ, ಕಡುಹಸಿರು ಪಾಚಿ! ಯಾವುದೋ ಹಳೆಯ ಕಟ್ಟಡದ ನೆಲಗಟ್ಟು ಎಂದುಕೊಂಡಳು. ಅವಳ ಊರಿನ ಸಮಾಧಿಗಳಲ್ಲಿ ಕಲ್ಲು ಆಳೆತ್ತರ ನಿಲ್ಲುತ್ತಿತ್ತು, ಮೇಲೆ ರೆಕ್ಕೆ ಬಿಚ್ಚಿದ ದೇವದೂತರು. ನಮ್ಮವರು ಕಲ್ಲು ಮಲಗಿಸುತ್ತಾರೆಂದು ಅವಳಿಗೆ ಹೇಳಿದವರು ಯಾರು? ಈಸ್ಟರನ್ನು ಅವಳಿನ್ನೂ ಇಲ್ಲಿ ಕಂಡಿರಲೇ ಇಲ್ಲ. ಕರಣಿ ತೂರಿಸಿದಳು. ಕಾವಲಿಯಿಂದ ದೋಸೆ ಎದ್ದ ಹಾಗೆ ಪಾಚಿ ಇಡಿಯಾಗಿ ಎದ್ದು ಬಂತು. ಬೆಳಕು ಇಳಿಯುತ್ತಿತ್ತು. ಕೆಳಗಿನ ಕಲ್ಲು ಮಣ್ಣು ಮೆತ್ತಿಕೊಂಡು ಕಪ್ಪಗಿತ್ತು. ಬುಟ್ಟಿ ತುಂಬಿಸಿಕೊಂಡು ಓಡಿದಳು.

ಕುರ್ಚಿಯಲ್ಲಿ ಕಾಲು ಚಾಚಿ ಕೂತಿದ್ದ ಲಿಯೊನೋರಾ ಪಾಚಿಯ ಮೇಲೆ ಅಂಗೈ ಆಡಿಸಿದಳು. “ಆ ಬಂಡೆದೇನಾ ಇದು?”

“ಹೂಂ, ಕಲ್ಲಿನ ಮೇಲೇ ಇತ್ತು,” ಎಂದಳು ಹೆಟ್ಟಿ. ಸುಳ್ಳಲ್ಲ. ನಿಜವೂ ಅಲ್ಲ.

“ಇಂಥ ಪಾಚಿ ನಾನೇ ಕಂಡಿಲ್ಲ. ಕಣ್ಣಿದೆ ನಿಂಗೆ, ಹುಡುಗಿ.” ಲಿಯೊನೋರಾ ಊರುಗೋಲಿನಿಂದ ತೋರಿಸುತ್ತ ಹೋದಳು, ಹೆಟ್ಟಿ ಹಾಸುತ್ತ ಹೋದಳು. ಎಲ್ಲಕ್ಕಿಂತ ದಪ್ಪಗಿದ್ದ ಆ ಇಡೀ ತುಂಡನ್ನು ಊರುಗೋಲು ಕೊಟ್ಟಿಗೆಯ ನಡುವಿಗೆ ಕಳಿಸಿತು. “ಅದು ಗೋದಲಿ ಕೆಳಗಿರಲಿ.”

ಆ ಸಂಜೆ ಹೆಟ್ಟಿಗೆ ನೆಲ ಕಾಲಿಗೆ ತಾಗುತ್ತಿರಲಿಲ್ಲ.

ಭಾನುವಾರ ಆರಾಧನೆ ಮುಗಿದ ಮೇಲೆ ದೇವರ ಹೊಲ ನೋಡಿಕೊಳ್ಳುವ ಬ್ರದರ್ ಓಸ್ವಿನ್ ಚರ್ಚಿನ ಮೆಟ್ಟಿಲ ಮೇಲೆ ಗಂಟಲು ಹರಿದುಕೊಳ್ಳುತ್ತಿದ್ದ. ಯಾರೋ ಪುಂಡರು ಚಿಕ್ಕ ಹೆಣ್ಣುಮಕ್ಕಳ ಸಾಲಿನ ಕಲ್ಲುಗಳನ್ನು ಕೆರೆದು ಹೋಗಿದ್ದಾರಂತೆ, ಕೈಗೆ ಸಿಕ್ಕಿದರೆ ಚರ್ಮ ಸುಲಿಯುತ್ತಾನಂತೆ. ಲಿಯೊನೋರಾ ಕಾಲುನೋವೆಂದು ಮನೆಯಲ್ಲೇ ಇದ್ದಳು. ಹೆಟ್ಟಿ ಗಂಡನ ತೋಳು ಹಿಡಿದಳು. “ಚಿಕ್ಕ ಹೆಣ್ಣುಮಕ್ಕಳ ಸಾಲು ಅಂದ್ರೆ ಏನು?”

“ಗುಡ್ಡದ ಮೇಲೆ ಸಮಾಧಿಗಳಿಲ್ವಾ. ನಮ್ಮಲ್ಲಿ ಮನೆಮನೆಯವರನ್ನ ಒಟ್ಟಿಗೆ ಇಡಲ್ಲ. ಗಂಡಸರು ಒಂದು ಕಡೆ, ಮದುವೆಯಾದ ಹೆಂಗಸರು ಒಂದು ಕಡೆ, ಮಕ್ಕಳು ಒಂದು ಕಡೆ. ಯಾರು ಯಾವಾಗ ಹೋದ್ರೋ ಆ ಸಾಲಲ್ಲಿ ಮುಂದಿನ ಜಾಗ.” ವಾಲ್ಟ್ ದನಿ ತಗ್ಗಿಸಿದ. “ನಮ್ಮ ರೂತಿನೂ ಅಲ್ಲೇ ಇದಾಳೆ. ನನ್ನ ಅಕ್ಕ. ಗಂಟಲುಬೇನೆಲಿ ಹೋದಾಗ ನಾಲ್ಕು ವರ್ಷ, ನಾನು ತೊಟ್ಟಿಲಲ್ಲಿದ್ದೆ. ಅಮ್ಮನ ಮುಂದೆ ಆ ಹೆಸರು ಎತ್ತಬೇಡ. ಮಣ್ಣು ಮಾಡಿದ ದಿನದಿಂದ ಅಮ್ಮ ಆ ಗುಡ್ಡ ಹತ್ತಿಲ್ಲ. ಈಸ್ಟರ್ ಬೆಳಗ್ಗೆ ಎಲ್ರೂ ಮೇಲೆ ಹೋದ್ರೆ ಇವಳು ಚರ್ಚಲ್ಲಿ ಎಲ್ಲರಿಗೂ ಕಾಫಿ ಕಾಯಿಸ್ತಾ ಕೂರ್ತಾಳೆ.”

“ಅವಳ ಕಲ್ಲು ಯಾವುದು?”

“ಪೈನ್ ಮರದ ಬುಡದ್ದು. ಪಾಚಿ ಬೆಳೆದುಬಿಟ್ಟಿದೆ. ಓಸ್ವಿನ್ ಒಂದ್ಸಲ ಉಜ್ಜೋಕೆ ಹೋಗಿದ್ನಂತೆ. ಅಮ್ಮ ಬೇಡ ಅಂದ್ಲಂತೆ. ‘ಮಗೂಗೆ ಚಳಿಯಾಗುತ್ತೆ, ಹೊದಿಕೆ ಇರಲಿ’ ಅಂದ್ಲಂತೆ.”

ಹೆಟ್ಟಿ ಕಿತ್ತು ತಂದದ್ದು ಮಗುವಿನ ಹೊದಿಕೆ. ಮನೆಯವಳಾಗಲು ಹೋಗಿ, ಆ ಮನೆಯ ಎದೆಗೇ ಕರಣಿ ಹಾಕಿ ಬಂದಿದ್ದಳು.

ಹೇಳಿಬಿಡಬೇಕು ಎಂದುಕೊಂಡೇ ಮನೆಗೆ ಬಂದಳು. ಬಾಗಿಲು ತೆರೆಯುವಷ್ಟರಲ್ಲಿ ಲಿಯೊನೋರಾ, “ಮಕ್ಕಳು ಬರೋ ದಿನ ದೀಪದ ಗುಂಡಿ ನೀನು ಒತ್ತು. ನಾನು ಕೂತಲ್ಲಿಂದ ಕೈ ಎಟಕಲ್ಲ,” ಎಂದಳು. ಆ ಕೆಲಸ ಆಕೆ ಅದುವರೆಗೆ ಯಾರ ಕೈಗೂ ಕೊಟ್ಟಿರಲಿಲ್ಲ. ಹೆಟ್ಟಿ ನಾಳೆ ಹೇಳುತ್ತೇನೆ ಎಂದುಕೊಂಡಳು, ಆ ನಾಳೆ ಬರಲಿಲ್ಲ. ಕದ್ದೊಯ್ದು ಮತ್ತೆ ಹಾಸಿಬರೋಣವೆಂದರೆ ಅತ್ತೆ ಆ ಕೋಣೆ ಬಿಟ್ಟು ಅಲ್ಲಾಡುತ್ತಿರಲಿಲ್ಲ. ಊಟ ಸೇರದೆ, ನಿದ್ದೆ ಹತ್ತದೆ ಹುಡುಗಿ ಸೊರಗಿಹೋದಳು. ಬಸುರಿರಬೇಕು ಎಂದು ಅಕ್ಕಪಕ್ಕದವರು ಆಗಲೇ ಪಿಸುಗುಟ್ಟತೊಡಗಿದ್ದರು.

ಮಕ್ಕಳು ಬಂದರು. ಬೂಟು ಕಳಚಿ, ಮೂಗು ಸೊರಸೊರ ಎನಿಸುತ್ತ ನೆಲದ ಮೇಲೆ ಒತ್ತೊತ್ತಾಗಿ ಕೂತರು. ಹಿಂದೆ ದೊಡ್ಡವರು. ಓಸ್ವಿನ್ ತನ್ನ ಮೊಮ್ಮಗಳು ಡೋರ್ಕಸ್‌ಳನ್ನು ಎಲ್ಲರಿಗಿಂತ ಮುಂದೆ ಕೂರಿಸಿದ. ಕೈ ಸುಮ್ಮನಿರದ ಮಗು ಅದು. ಚಾವಣಿಯಲ್ಲಿ ಕಾಗದದ ದೊಡ್ಡ ನಕ್ಷತ್ರ ಉರಿಯುತ್ತಿತ್ತು. ಅದೊಂದನ್ನು ಬಿಟ್ಟು ಉಳಿದೆಲ್ಲ ಕತ್ತಲು.

“ಆ ನಕ್ಷತ್ರದ ಮೊನೆಗಳು ಯಾಕೆ ಎಲ್ಲಾ ದಿಕ್ಕಿಗೂ ನೋಡ್ತಿವೆ ಹೇಳಿ?” ಎಂದು ಶುರು ಮಾಡಿದಳು ಲಿಯೊನೋರಾ. “ಯಾವ ದಿಕ್ಕಲ್ಲಿ ದಾರಿ ತಪ್ಪಿದವನಿಗೂ ಕಾಣಲಿ ಅಂತ.” ಹೆಟ್ಟಿ ಗುಂಡಿ ಒತ್ತಿದಳು. ಮರದ ಬುಡಕ್ಕೆ ಬೆಳಕು ಬಿತ್ತು. “ಇದು ಕಡಿದು ಹಾಕಿದ ಬುಡ. ಸತ್ತೇಹೋಯ್ತು ಅಂದ್ಕೊಂಡಿದ್ರು ಎಲ್ರೂ. ಹತ್ತಿರ ಬಂದು ನೋಡಿ, ಚಿಗುರು.” ಇನ್ನೊಂದು ಗುಂಡಿ, ಕುರುಬರು. ಇನ್ನೊಂದು, ಕೊಟ್ಟಿಗೆ.

ಆಗ ಡೋರ್ಕಸ್‌ಳಿಗೆ ಗೋದಲಿಯ ಕೆಳಗೆ ಹುಳ ಇದೆಯೇ ಎಂದು ನೋಡುವ ಮನಸ್ಸಾಯಿತು. ಕೈ ಚಾಚಿ ಪಾಚಿಯ ಅಂಚನ್ನು ಎತ್ತಿ ಮಗುಚಿಯೇಬಿಟ್ಟಳು. “ಅಜ್ಜಾ, ಇದರ ಕೆಳಗೆ ಅಕ್ಷರ ಇದೆ!”

ಇತ್ತು. ಕಲ್ಲಿನಲ್ಲಿ ಕೊರೆದ ಹೆಸರಿನೊಳಗೆ ಅಷ್ಟು ವರ್ಷ ಬೇರಿಳಿಸಿದ ಪಾಚಿ ಮಣ್ಣಿನ ಸಮೇತ ಎದ್ದು ಬಂದಿತ್ತಲ್ಲ, ಹೆಸರು ಅಚ್ಚೊತ್ತಿದ ಹಾಗೆ ಉಬ್ಬಿಕೊಂಡು ನಿಂತಿತ್ತು. ತಿರುಗುಮುರುಗಾಗಿದ್ದರೂ ಓದಬಹುದಿತ್ತು. ಓಸ್ವಿನ್ ಎದ್ದು ನಿಂತ. ಅವನು ಬಾಯಿ ತೆರೆಯುವ ಮುಂಚೆ ಹೆಟ್ಟಿ ಹೇಳಿದಳು, “ಪುಂಡರಲ್ಲ ಬ್ರದರ್. ನಾನೇ ತಂದದ್ದು. ಸಮಾಧಿ ಅಂತ ಗೊತ್ತಿರಲಿಲ್ಲ. ಗೊತ್ತಾದ ಮೇಲೂ ಹೇಳಲಿಲ್ಲ, ಅದು ನನ್ನ ತಪ್ಪು.” ಅತ್ತೆಯ ಕಡೆ ತಿರುಗಲು ಅವಳಿಗೆ ಮುಖವಿರಲಿಲ್ಲ.

“ಸತ್ತ ಮಕ್ಕಳ ಮೈಮೇಲಿಂದ ಕಿತ್ಕೊಂಡು ಬರ್ತಾರೇನಮ್ಮ?” ಎಂದು ಓಸ್ವಿನ್ ಗುಡುಗಿದ. “ಎಲ್ಲಿಂದ ಬಂದೋಳು ನೀನು?”

ಲಿಯೊನೋರಾ ಬಗ್ಗಿ ಪಾಚಿಯನ್ನು ಮಡಿಲಿಗೆ ತೆಗೆದುಕೊಂಡಳು. ತೋರುಬೆರಳಿನಿಂದ ಒಂದೊಂದೇ ಅಕ್ಷರ ಮುಟ್ಟಿದಳು. ಕೋಣೆಯಲ್ಲಿ ಒಂದು ಮಗು ಕೆಮ್ಮಿತು. ಹೆಟ್ಟಿ ಮನಸ್ಸಿನಲ್ಲೇ ತನ್ನ ಎರಡು ಬಟ್ಟೆ ಮಡಚುತ್ತಿದ್ದಳು. ಚಿಕ್ಕಮ್ಮ ಮತ್ತೆ ಒಳಗೆ ಬಿಟ್ಟುಕೊಳ್ಳುತ್ತಾಳೋ ಇಲ್ಲವೋ ಎಂದು ಯೋಚಿಸುತ್ತಿದ್ದಳು.

“ಕೂತ್ಕೋ ಓಸ್ವಿನ್,” ಎಂದಳು ಲಿಯೊನೋರಾ. “ಕಥೆ ಮುಗಿದಿಲ್ಲ.”

ಪಾಚಿಯನ್ನು ತನ್ನ ಕೈಯಾರೆ ಮತ್ತೆ ಗೋದಲಿಯ ಕೆಳಗೆ ಹಾಸಿದಳು. ಅಂಚನ್ನು ಒತ್ತಿ ಸರಿಮಾಡಿದಳು.

“ಮಕ್ಕಳೇ, ಕರ್ತ ಹುಟ್ಟಿದಾಗ ಅವನಿಗೆ ಹಾಸಿಗೆ ಇರಲಿಲ್ಲ ಅಂತ ಪ್ರತಿ ವರ್ಷ ಹೇಳ್ತೀನಲ್ಲ. ಈ ವರ್ಷ ಒಬ್ಬ ಹುಡುಗಿ ಅವನಿಗೆ ತನ್ನ ಹೊದಿಕೆ ಕೊಟ್ಟಿದಾಳೆ. ಅವಳ ಹೆಸರು ರೂತಿ. ನನ್ನ ಮಗಳು. ನಿಮ್ಮ ಹಾಗೇ ಇಲ್ಲೇ ಕೂತ್ಕೊಂಡು ಕಥೆ ಕೇಳ್ತಿದ್ಲು. ಕುರಿಗಳಿಗೆಲ್ಲ ಹೆಸರಿಟ್ಟಿದ್ಲು.”

ವಾಲ್ಟ್ ಗೋಡೆಗೆ ಒರಗಿದ. ಆ ಹೆಸರು ತಾಯಿಯ ಬಾಯಿಂದ ಅವನು ಕೇಳಿದ್ದು ಅದೇ ಮೊದಲು.

ಡೋರ್ಕಸ್ ಯೋಚನೆಗೆ ಬಿದ್ದಳು. “ಹೊದಿಕೆ ಕೊಟ್ಟುಬಿಟ್ರೆ ಅವಳಿಗೆ ಚಳಿ ಆಗಲ್ವಾ?”

ಲಿಯೊನೋರಾ ಗೋದಲಿಯ ಕಡೆ ಕೈ ತೋರಿಸಿ ಹೇಳಿದಳು, “ಆಗಲ್ಲ ಪುಟ್ಟಿ. ಆಗಲ್ಲ ಅಂತ ಹೇಳೋಕೇ ಈ ಮಗು ಬಂದಿದ್ದು. ಚಿಗುರು ಯಾಕೆ, ನಕ್ಷತ್ರ ಯಾಕೆ ಅಂತ ನಿಮಗೆಲ್ಲ ಇಷ್ಟು ವರ್ಷ ಹೇಳಿದೆ. ನಾನು ಕೇಳಿಸ್ಕೊಂಡಿರಲಿಲ್ಲ.” ಆಮೇಲೆ ತಿರುಗದೆಯೇ ಅಂದಳು, “ಹೆಟ್ಟಿ, ಮುಂದಿನ ದೀಪ ಹಾಕು.”

ಹುಡುಗಿ ಎನ್ನಲಿಲ್ಲ. ಹೆಟ್ಟಿ ಎಂದಳು.

ಮಕ್ಕಳು ಕಾಗದದಷ್ಟು ತೆಳ್ಳಗಿನ ಶುಂಠಿ ಬಿಸ್ಕತ್ತು ಜೇಬಿಗೆ ತುಂಬಿಕೊಂಡು ಹೋದರು. ಹೆಟ್ಟಿ ಕೋಟು ಹಾಕಿಕೊಳ್ಳುತ್ತಿದ್ದಳು. “ಎಲ್ಲಿಗೆ ಹೊರಟೆ?” ಎಂದಳು ಲಿಯೊನೋರಾ. “ಇಷ್ಟೊಂದು ಕಪ್ಪು ಬಸಿ ತೊಳೆಯೋರು ಯಾರು, ಓಸ್ವಿನ್ನಾ?” ಊರುಗೋಲು ಕೈಗೆ ತೆಗೆದುಕೊಂಡು, “ನಾಳೆ ಬೆಳಗ್ಗೆ ನನ್ನ ಅಲ್ಲಿಗೆ ಕರ್ಕೊಂಡು ಹೋಗು. ದಾರಿ ನಂಗೆ ಮರ್ತೋಗಿದೆ.”

ಗುಡ್ಡ ಹತ್ತಲು ಅರ್ಧ ಬೆಳಗು ಹಿಡಿಯಿತು. ಒಂದು ಕೈಯಲ್ಲಿ ಊರುಗೋಲು, ಇನ್ನೊಂದು ಕೈ ಸೊಸೆಯ ಹೆಗಲ ಮೇಲೆ. ಪೈನ್ ಮರದ ಕೆಳಗೆ ಕಲ್ಲು ಬತ್ತಲೆಯಾಗಿ ಮಲಗಿತ್ತು. ಲಿಯೊನೋರಾ ಅತ್ತಳು, ಇಷ್ಟು ವರ್ಷ ಅಳದೆ ಇಟ್ಟುಕೊಂಡದ್ದನ್ನೆಲ್ಲ ಅತ್ತಳು. ಕಾಲು ಕುಸಿದಾಗ ಹೆಟ್ಟಿ ಎರಡೂ ಕೈಯಲ್ಲಿ ಹಿಡಿದುಕೊಂಡು “ಅಮ್ಮಾ, ಹುಷಾರು” ಎಂದಳು. ಬಾಯಿ ಜಾರಿ ಬಂದ ಮಾತು. ಲಿಯೊನೋರಾ ಕರವಸ್ತ್ರದಲ್ಲಿ ಮೂಗೊರೆಸಿಕೊಂಡು, “ಬೀಳಲ್ಲ ಬಿಡು, ನೀನಿದೀಯಲ್ಲ” ಎಂದಳು.

ಮುಂದೆ ಬಂದ ಈಸ್ಟರ್ ಬೆಳಗ್ಗೆ ಲಿಯೊನೋರಾ ತುತ್ತೂರಿಯ ಹಿಂದೆಯೇ ಗುಡ್ಡ ಹತ್ತಿದಳು. ಚರ್ಚಿನಲ್ಲಿ ಕಾಫಿ ಕಾಯಿಸಿದ್ದು ಸಿಸ್ಟರ್ ಮಿನರ್ವಾ. ಅಂಥ ಕೆಟ್ಟ ಕಾಫಿ ಹೆರ್ನ್‌ಬರ್ಗ್ ಅದುವರೆಗೆ ಕುಡಿದಿರಲಿಲ್ಲ, ಆದರೂ ಎಲ್ಲರೂ ಎರಡೆರಡು ಸಲ ಕೇಳಿ ಕುಡಿದರು.

ಹಾಗೆಂದು ಅತ್ತೆ ಸೊಸೆ ಜೇನು ಸಕ್ಕರೆಯಂತೆ ಇದ್ದರು ಎಂದು ತಿಳಿಯಬೇಡಿ. ಪಾತ್ರೆ ಇಡುವ ಜಾಗದಿಂದ ಹಿಡಿದು ಹೆಟ್ಟಿಯ ಇಬ್ಬರು ಗಂಡುಮಕ್ಕಳಿಗೆ ಸ್ವೆಟರ್ ಹಾಕುವ ಹೊತ್ತಿನವರೆಗೆ ಜಗಳವೇ. ಆದರೆ ನವೆಂಬರ್ ಬಂದರೆ ಬುಟ್ಟಿ ಹೆಟ್ಟಿಯ ಕೈಗೆ. ಕಲ್ಲಿನ ಮೇಲೆ ಪಾಚಿ ಮತ್ತೆ ಚಿಗುರಿತು. ಪ್ರತಿ ವರ್ಷ ಅದರಿಂದ ಅಂಗೈಯಗಲ ಮಾತ್ರ ತೆಗೆದು ಗೋದಲಿಯ ಕೆಳಗೆ. “ಉಳಿದದ್ದು ಅವಳಿಗಿರಲಿ” ಎನ್ನುತ್ತಿದ್ದಳು ಲಿಯೊನೋರಾ. ಕೊನೆಗೆ ಒಂದು ಸಂಜೆ ಮಕ್ಕಳೆಲ್ಲ ಕೂತ ಮೇಲೆ ಆಕೆ ಗುಂಡಿಗಳ ಹತ್ತಿರ ಹೋಗಿ ನಿಂತಳು. “ನನ್ನ ದನಿ ಹೋಗಿದೆ. ಇವತ್ತು ಹೆಟ್ಟಿ ಹೇಳ್ತಾಳೆ.” ದನಿ ಎಲ್ಲೂ ಹೋಗಿರಲಿಲ್ಲ. ಹೆಟ್ಟಿ ತಪ್ಪಿದಲ್ಲೆಲ್ಲ ಹಿಂದಿನಿಂದ ತಿದ್ದಿದ್ದು ಆ ದನಿಯೇ.

ಲಿಯೊನೋರಾ ತೀರಿಕೊಂಡಾಗ ಮದುವೆಯಾದ ಹೆಂಗಸರ ಸಾಲಿನಲ್ಲಿ ಮುಂದಿನ ಜಾಗ ಯಾರ ಪಕ್ಕ ಅಂದುಕೊಂಡಿರಿ? ಸಿಸ್ಟರ್ ಮಿನರ್ವಾಳ ಪಕ್ಕ! ಸಕ್ಕರೆ ಕೇಕಿಗೆ ಬೆಣ್ಣೆ ಎಷ್ಟು ಹಾಕಬೇಕೆಂದು ಜೀವಮಾನವಿಡೀ ಕಿತ್ತಾಡಿದವರು ಇಬ್ಬರೂ. ಮಣ್ಣು ಹಾಕುವಾಗ ಹೆಟ್ಟಿ ನಗುತ್ತ ಅತ್ತಳು. ಆದರೆ ತಲೆಯೆತ್ತಿ ನೋಡಿದಾಗ ಪೈನ್ ಮರ ಗುಡ್ಡದ ಆಚೆ ತುದಿಯಲ್ಲಿತ್ತು. ತಾಯಿ ಇಲ್ಲಿ, ಮಗಳು ಅಲ್ಲಿ. ನಿಯಮದ ಮೇಲೆ ಹೆಟ್ಟಿ ದೂರು ಹೇಳಲಿಲ್ಲ. ದೇವರ ಮುಂದೆ ಎಲ್ಲರೂ ಒಂದೇ ಎಂದು ಮಾಡಿದ ಸಾಲು ಅದು, ಅವಳಂಥ ಹೊರಗಿನವಳಿಗೂ ಅಲ್ಲಿ ಒಂದು ಜಾಗ ಇದೆ. ಆದರೂ ಗುಡ್ಡ ಇಳಿಯುವಾಗ ಎರಡೆರಡು ಸಲ ಆ ಮರದ ಕಡೆ ತಿರುಗಿ ನೋಡಿದಳು.

ಲಿಯೊನೋರಾಳ ಕಲ್ಲು ಬಿಸಿಲಿಗೆ ಬಿದ್ದದ್ದು. ಅಲ್ಲಿ ಪಾಚಿ ಹಿಡಿಯಬೇಕಾದರೆ ಮಜ್ಜಿಗೆ ಹೊಯ್ದು ಸಾಕಬೇಕು. ಹೆಟ್ಟಿ ಸಾಕಿದಳು. ಊರು ಆಡಿಕೊಂಡಿತು, ಆಡಿಕೊಳ್ಳಲಿ ಎಂದು ಬಿಟ್ಟಳು.

ಈಗ ಪುಟ್ಸ್ ಹೂಡುವುದು ಚರ್ಚಿನ ಸಭಾಂಗಣದಲ್ಲಿ. ಕಳೆದ ಡಿಸೆಂಬರಿನಲ್ಲೂ ಮಕ್ಕಳು ನೆಲದ ಮೇಲೆ ಕೂತರು, ಹೆಟ್ಟಿ ಕುರ್ಚಿಯಲ್ಲಿ. ಶುರು ಮಾಡುವ ಮುಂಚೆ ಯಾವಾಗಲೂ ಮಾಡುವಂತೆ ಕಣ್ಣು ಮುಚ್ಚಿ ಒಂದು ಮಾತು ಹೇಳಿಕೊಂಡಳು. ಬೈಯಬಹುದಿತ್ತು, ಹೊರಗೆ ಹಾಕಬಹುದಿತ್ತು, ದೀಪ ಹಾಕು ಅಂದಳಲ್ಲ, ಅದಕ್ಕೆ ಸ್ತೋತ್ರ ಸ್ವಾಮಿ. ಅವಳ ಜೀವಮಾನದ ಪ್ರಾರ್ಥನೆ ಇಷ್ಟೇ, ಅದರಲ್ಲಿ ಬೇಡಿಕೆ ಏನೂ ಇಲ್ಲ.

ಕೊಟ್ಟಿಗೆಗೆ ಬೆಳಕು ಬಿತ್ತು. ಮುಂದೆ ಕೂತಿದ್ದ ಮಗು ಡೋರ್ಕಸ್‌ಳ ಮೊಮ್ಮಗಳು. ಅಜ್ಜಿಯದೇ ಕೈ, ಅಜ್ಜಿಯದೇ ಕಣ್ಣು. “ಸಿಸ್ಟರ್ ಹೆಟ್ಟಿ, ಗೋದಲಿ ಕೆಳಗೆ ಪಾಚಿ ಎರಡು ಬಣ್ಣ ಇದೆ ಯಾಕೆ? ಒಂದು ಕಪ್ಪು ಹಸಿರು, ಒಂದು ಹಳದಿ ಹಸಿರು.”

“ಒಂದು ನೆರಳಲ್ಲಿ ಬೆಳೆದದ್ದು, ಒಂದು ಬಿಸಿಲಲ್ಲಿ ಬೆಳೆದದ್ದು,” ಎಂದಳು ಹೆಟ್ಟಿ. “ಕಪ್ಪು ಹಸಿರು ರೂತಿ ಅಂತ ಒಬ್ಬ ಪುಟ್ಟ ಹುಡುಗಿದು. ಇನ್ನೊಂದು ಅವಳ ಅಮ್ಮಂದು. ಗುಡ್ಡದ ಮೇಲೆ ಇಬ್ಬರೂ ದೂರ ದೂರ ಮಲಗಿದಾರೆ. ಕರ್ತ ಬಂದು ಏಳಿಸೋವರೆಗೂ ಹಾಗೇ ಇರಬೇಕು. ಅದಕ್ಕೆ ವರ್ಷಕ್ಕೊಂದ್ಸಲ ನಾನು ಇಲ್ಲಿ ಒಟ್ಟಿಗೆ ಹಾಸ್ತೀನಿ.”

ಮಗು ಬಗ್ಗಿ ನೋಡಿತು. ಎರಡು ತುಂಡುಗಳ ನಡುವೆ ಸಂದೇ ಕಾಣುತ್ತಿರಲಿಲ್ಲ. “ಅವರಿಗೆ ಅಲ್ಲಿ ಚಳಿ ಆಗಲ್ವಾ?”

“ಇಲ್ಲ ಪುಟ್ಟಿ,” ಎಂದಳು ಹೆಟ್ಟಿ, “ಇಬ್ಬರಿಗೂ ಸೇರಿ ಈಗ ಒಂದೇ ಹೊದಿಕೆ.”

ಆಮೇಲೆ ಕಣ್ಣೊರೆಸಿಕೊಂಡು ಮುಂದಿನ ದೀಪ ಹಾಕಿದಳು.